ದೀಪಿಕಂಗೆ ಏನು ಸೇರ್ತಿತ್ತು

ಸೋಮನಹಳ್ಳಿಯಲ್ಲಿ ಹಳೇ ಹೆದ್ದಾರಿಯ ಪಕ್ಕ ನನ್ನ ಚಿಕ್ಕವ್ವ ಸೋಮಮ್ಮನ ಮುದ್ದೆ ಮೆಸ್ಸಿದೆ. ಬೋರ್ಡಿಲ್ಲ. ಒಂದು ಬೋರ್ಡು ಬರೆಸು ಅಂತ ನಾನೇ ಎರಡು ಸಲ ಹೇಳಿದ್ದೆ. “ಒಟ್ಟೆ ಅಸ್ದೋನಿಗೆ ಓದಕ್ಕೆ ಪುರುಸೊತ್ತು ಇರಲ್ಲ ಕಣೆ” ಅಂದಳು. ಸುತ್ತಲಿನ ಕಾರ್ಖಾನೆಗಳ ಕೆಲಸಗಾರರು, ಲಾರಿ ಡ್ರೈವರುಗಳು, ಮದ್ದೂರಿನ ಕೋರ್ಟಿಗೆ ಅಲೆಯುವವರು, ಎಲ್ಲರಿಗೂ ಅದು ಸೋಮಮ್ಮನ ಮೆಸ್ಸು ಅಂತಲೇ ಗೊತ್ತು.

ನಾನು ವೀಣ, ಅವಳ ಬಾವ ಚಿಕ್ಕಬೋರಯ್ಯನ ಮಗಳು. ಮಳವಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಬಾಯಿ ಜೋರು ಅಂತ ಮನೆಯವರೆಲ್ಲ ಹೇಳುತ್ತಾರೆ. ಚಿಕ್ಕವ್ವನ ಬಾಯಿ ಕಂಡವರು ಮಾತ್ರ ನನ್ನನ್ನು ಸಾಧುಪ್ರಾಣಿ ಅನ್ನುತ್ತಾರೆ.

ಅವಳ ತವರು ಪೂರಿಗಾಲಿ. ಹದಿನೆಂಟು ವರ್ಷಕ್ಕೆ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಗಂಡ ಪುಟ್ಟರಾಜು, ಅಂದರೆ ನನ್ನ ಚಿಕ್ಕಪ್ಪ, ಲಾರಿ ಓಡಿಸುತ್ತಿದ್ದ. ಓಡಿಸಿದ್ದಕ್ಕಿಂತ ಹೆಚ್ಚು ಕುಡಿದ. ಅವನು ತೀರಿಕೊಂಡಾಗ ಒಬ್ಬಳೇ ಮಗಳು ದೀಪಿಕಳಿಗೆ ಹನ್ನೆರಡು ವರ್ಷ. ತಿಥಿ ಮುಗಿದ ಮೇಲೆ ಚಿಕ್ಕವ್ವ ಯಾರ ಮನೆಬಾಗಿಲಿಗೂ ಹೋಗಲಿಲ್ಲ. ರಸ್ತೆ ಪಕ್ಕ ನಾಲ್ಕು ಶೀಟು ಹೊದಿಸಿ, ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಮುದ್ದೆ ಕೋಲು ಹಿಡಿದು ನಿಂತಳು. ಗಂಡಸರು ಇಬ್ಬರು ಸೇರಿ ತೊಳಸುವಷ್ಟು ಹಿಟ್ಟನ್ನು ಒಬ್ಬಳೇ ತೊಳಸುತ್ತಿದ್ದಳು. ಒಂದು ಗಂಟೂ ಇರುತ್ತಿರಲಿಲ್ಲ.

ಅವಳ ಮೆಸ್ಸಿನಲ್ಲಿ ಒಂದು ಕಟ್ಟಳೆ ಇತ್ತು. ಅನ್ನ ಬಿಟ್ಟರೆ ಬಿಡಬಹುದು, ಮುದ್ದೆ ಬಿಟ್ಟು ಏಳುವಂತಿಲ್ಲ. ಒಬ್ಬ ಇನ್‌ಸ್ಪೆಕ್ಟರು ಅರ್ಧ ಮುದ್ದೆ ಬಿಟ್ಟು ಎದ್ದಾಗ, “ಸಾ, ಕೂತ್ಕಳಿ. ರಾಗಿ ಬೆಳ್ದೋನು ನಿಮ್ಗಿಂತ ದೊಡ್ಡೋನು” ಅಂದಿದ್ದಳು. ಆ ಪುಣ್ಯಾತ್ಮ ಕೂತು ಮುಗಿಸಿದ. ಆದರೆ ಬರೀ ಜೋರಿನಿಂದ ಮೆಸ್ಸು ನಡೆಯುವುದಿಲ್ಲ. ಒಂದು ಸಲ ಉಂಡವನ ನಾಲಿಗೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಇವನಿಗೆ ಉಪ್ಪೆಸರಿನ ಖಾರ ಮುಂದಿರಬೇಕು, ಅವನಿಗೆ ಬಸ್ಸಾರು ನೀರಾಗಿರಬೇಕು, ಆ ತಮಿಳು ಡ್ರೈವರಿಗೆ ಬಾಡಿನಲ್ಲಿ ಮೂಳೆ ಬೇಕು. ವರ್ಷ ಬಿಟ್ಟು ಬಂದವನಿಗೂ ಕೇಳದೆ ಬಡಿಸುತ್ತಿದ್ದಳು. ಜನ ಊಟಕ್ಕಿಂತ ಅದಕ್ಕೇ ಬರುತ್ತಿದ್ದರೇನೋ.

ಅಂಥವಳಿಗೆ ಮಗಳಿಗೆ ಏನು ಸೇರುತ್ತಿತ್ತು ಅನ್ನುವುದು ಗೊತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಮಗಳೇ ಇರಲಿಲ್ಲ.

ದೀಪಿಕ ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದಳು. ಓದಿಸಿದ್ದು ಚಿಕ್ಕವ್ವನೇ, ಹೆಮ್ಮೆಯಿಂದಲೇ. ಮಗಳು ವಾಪಸು ಬಂದು ಮೆಸ್ಸಿಗೆ ಮೇಜು ಕುರ್ಚಿ ಹಾಕಿಸಿ, ಕೊನೆಗೂ ಒಂದು ಬೋರ್ಡು ಬರೆಸುತ್ತಾಳೆ ಅಂತ ಅವಳ ಲೆಕ್ಕ. ಮಗಳು ವಾಪಸು ಬಂದಳು, ಒಂದು ವರ್ಷ ಇದ್ದಳು. ಆಮೇಲೆ ಒಂದು ಬೆಳಗ್ಗೆ ಸೊಪ್ಪು ಬಿಡಿಸುತ್ತಾ ಕೂತವಳು ಬೆಂಗಳೂರಿನಲ್ಲಿ ಸ್ಪೇನ್ ದೇಶದ ಊಟದ ಹೋಟ್ಲೊಂದರಲ್ಲಿ ಕೆಲಸ ಸಿಕ್ಕಿದೆ ಅಂದಳು. ನಾನು ಅಲ್ಲೇ ಇದ್ದೆ.

“ಅವ್ವ, ನಾನು ಬೇರೆ ಅಡುಗೆ ಕಲೀಬೇಕು. ಜೀವ್ನ ಪೂರಾ ಮುದ್ದೆ ತೊಳಿಸ್ಕೊಂಡು ಇರಕ್ಕಾಗಲ್ಲ.”

“ಇದೇ ಮುದ್ದೆ ಕಣೆ ನಿನ್ನ ಓದ್ಸಿದ್ದು. ಓಗೋಳಂಗಿದ್ರೆ ಓಗು. ತಿರ್ಗ ಬಂದು ಈ ಕೋಲು ಇಡಿಯೋಗಂಟ ನನ್ ಕುಟ್ಟೆ ಮಾತಾಡ್ಬ್ಯಾಡ.”

ಅವಳು ಹೋದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇವಳು ಸೋಲಲಿಲ್ಲ, ಅವಳೂ ಸೋಲಲಿಲ್ಲ. ಯುಗಾದಿಗೆ, ದೀಪಾವಳಿಗೆ ದೀಪಿಕಳ ಫೋನು ಬರುತ್ತಿತ್ತು. ನಂಬರು ನೋಡಿ ಚಿಕ್ಕವ್ವ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು, ಇಲ್ಲವೇ ಬಡಿದುಕೊಳ್ಳಲಿ ಅಂತ ಬಿಡುತ್ತಿದ್ದಳು. ನಾನು ಬೈದರೆ ಒಂದೇ ಮಾತು: “ನನ್ ಕೈ ಮುದ್ದೆ ತಿಂದು ಬೆಳ್ದವ್ಳೆ. ಎಷ್ಟ್ ದಿನ ಇದ್ದಾಳು? ಒಟ್ಟೆನೇ ಎಳ್ಕೊಂಡ್ ಬತ್ತದೆ ಬುಡು.” ಅದನ್ನೇ ನಂಬಿಕೊಂಡು ನಾಲ್ಕು ವರ್ಷ ಕಾದಳು.

ನನ್ನದೂ ತಪ್ಪಿದೆ. “ವೀಣಕ್ಕ, ಒಂದ್ಸಲ ನಮ್ಮ ಹೋಟ್ಲಿಗೆ ಊಟಕ್ಕೆ ಬಾ” ಅಂತ ಆ ಹುಡುಗಿ ಎಷ್ಟು ಸಲ ಕರೆದಳೋ. ದಸರಾ ರಜಕ್ಕೆ ಬರ್ತೀನಿ, ಬೇಸಿಗೆ ರಜಕ್ಕೆ ಬರ್ತೀನಿ ಅಂದುಕೊಂಡೇ ಇದ್ದೆ. ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೋದ ವರ್ಷ ಆಷಾಢದಲ್ಲಿ ದೀಪಿಕಳಿಗೆ ಡೆಂಗಿ ಜ್ವರ ಬಂತು. ನಾಲ್ಕೇ ದಿನ. ಅದೇ ಹೋಟ್ಲಿನಲ್ಲಿ ಕೆಲಸ ಮಾಡುತ್ತಾ ಅವಳ ಜೊತೆ ರೂಮಿನಲ್ಲಿದ್ದ ಮೋಹಿನಿ ಅನ್ನುವ ಹುಡುಗಿ ನನಗೆ ಫೋನು ಮಾಡಿದಳು. ಚಿಕ್ಕವ್ವ ಅರ್ಧ ತೊಳಸಿದ್ದ ಹಿಟ್ಟನ್ನು ಬಿಟ್ಟು ಎದ್ದಳು, ಆದರೆ ಬರುವಾಗ ಕ್ಯಾರಿಯರಿನಲ್ಲಿ ಮೊದಲೇ ಕಟ್ಟಿಟ್ಟಿದ್ದ ಎರಡು ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬಂದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ದೀಪಿಕಳಿಗೆ ಎಚ್ಚರ ಇರಲಿಲ್ಲ. ಎಚ್ಚರ ಬರಲೂ ಇಲ್ಲ. ಇಪ್ಪತ್ತೇಳು ವರ್ಷ. ಕ್ಯಾರಿಯರು ಮುಚ್ಚಿದ್ದು ಮುಚ್ಚಿದ ಹಾಗೇ ಊರಿಗೆ ವಾಪಸು ಬಂತು.

ಚಿಕ್ಕವ್ವ ಹನ್ನೊಂದು ದಿನ ಕಳೆದ ಮೇಲೆ ಮೆಸ್ಸು ತೆಗೆದಳು. ಮೊದಲಿನ ಹಾಗೇ ಬಡಿಸಿದಳು. ಮುದ್ದೆ ಬಿಟ್ಟವರನ್ನು ಬೈಯುವುದೊಂದು ನಿಂತಿತು.

ಭಾದ್ರಪದ ಬಂತು, ಪಿತೃಪಕ್ಷ. ನಮ್ಮ ಕಡೆ ಆ ಹಬ್ಬದಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತೇವೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಳೆ ಎಲೆ, ಅದರ ಮೇಲೆ ಬದುಕಿದ್ದಾಗ ಅವರಿಗೆ ಏನೇನು ಸೇರುತ್ತಿತ್ತೋ ಅದೆಲ್ಲ ಸ್ವಲ್ಪ ಸ್ವಲ್ಪ. ಸಾಂಬ್ರಾಣಿ ಹಾಕಿ ಕೈಮುಗಿದು, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಬೇಕು. ಅವರು ಬಂದು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆದು ಒಳಗೆ ಹೋಗಿ ಎಡೆಯನ್ನು ನಾವು ತಿನ್ನುತ್ತೇವೆ. ವರ್ಷದೊಳಗೆ ಸತ್ತವರು ಇದ್ದರೆ ಆ ಎಡೆಗೆ ಎಲ್ಲಿಲ್ಲದ ಕಾಳಜಿ.

ಹಬ್ಬಕ್ಕೆ ಹತ್ತು ದಿನ ಇರುವಾಗ ಸಾಮಾನಿನ ಪಟ್ಟಿ ಬರೆಯಲು ನನ್ನನ್ನು ಕೂರಿಸಿಕೊಂಡಳು. ಊಟದ ಜನ ಹೋಗಿ ಮೆಸ್ಸು ಖಾಲಿಯಾಗಿತ್ತು.

“ನಮ್ಮತ್ತೆಗೆ ಕಜ್ಜಾಯ, ಎಲೆ ಅಡಿಕೆ, ಒಗೆಸೊಪ್ಪು. ಮಾವಂಗೆ ಬೀಡಿ, ಮೊಟ್ಟೆ. ನಿಮ್ ಚಿಕ್ಕಪ್ಪಂಗೆ ತಲೆ ಮಾಂಸ, ಒಂದು ಕ್ವಾರ್ಟ್ರು. ದೀಪಿಕಂಗೆ…”

ನಾನು ಪೆನ್ನು ಹಿಡಿದು ಕಾದೆ.

“ದೀಪಿಕಂಗೆ ಏನ್ ಸೇರ್ತಿತ್ತು ವೀಣ?”

“ಚಿಕ್ಕೋಳಿದ್ದಾಗ ಕೊಬ್ರಿ ಮಿಠಾಯಿ ತಿಂತಿದ್ಲು” ಅಂದೆ.

“ಅದು ಅತ್ತು ವರ್ಷದ ಮಗಿಂದು. ಸತ್ತಿದ್ದು ಇಪ್ಪತ್ತೇಳು ವರ್ಷದೋಳು.”

“ಕಜ್ಜಾಯ ಇಡು. ಎಲ್ರಿಗೂ ಇಷ್ಟ ಆಗ್ತದೆ.”

“ಎಲ್ರಿಗೂ ಇಷ್ಟ ಅಂತ ಇಡಕ್ಕೆ ಅದೇನು ಮದ್ವೆ ಊಟನಾ?”

ಅಷ್ಟರಲ್ಲಿ ಬಂದ ನಮ್ಮಪ್ಪ ಚಿಕ್ಕಬೋರಯ್ಯ, “ಎತ್ತೋಳು ಕೊಟ್ಟಿದ್ದು ಏನಾದ್ರೇನು ಸೋಮಮ್ಮ. ಒಂದು ಮುದ್ದೆ, ಒಂದು ಸಿಹಿ ಮಡಗು, ಆಯ್ತು” ಅಂದರು. ನಮ್ಮಪ್ಪನಿಗೆ ಎಂಬತ್ತರ ಹತ್ತಿರ. ಅವರ ಪ್ರಕಾರ ಪ್ರಪಂಚದ ಎಲ್ಲ ಸಮಸ್ಯೆಗಳಿಗೂ ಒಂದು ಮುದ್ದೆ, ಒಂದು ಸಿಹಿ ಸಾಕು.

ಚಿಕ್ಕವ್ವ ಅಳುತ್ತಿರಲಿಲ್ಲ. ಆದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ. “ದಾರೀಲಿ ಓಗೋ ಡ್ರೈವರುಗಳಿಗೆಲ್ಲ ಏನ್ ಬೇಕು ಅಂತ ಗೊತ್ತು ಬಾವ ನಂಗೆ. ಎತ್ತ ಮಗೀಗೆ ಏನ್ ಬೇಕು ಅಂತ ಗೊತ್ತಿಲ್ವಲ್ಲ. ಎಡೆ ತಪ್ಪಾದ್ರೆ ಅವ್ಳು ಬಂದು ಅಸ್ಕೊಂಡು ಓಯ್ತಾಳೆ.” ಆಮೇಲೆ ನನ್ನ ಕಡೆ ತಿರುಗಿ, “ಆ ಓಟ್ಲಿಗೆ ಕರ್ಕೊಂಡ್ ಓಗು ನನ್ನ” ಅಂದಳು.

ಮೆಸ್ಸಿಗೆ ರಜ ಹಾಕಿ, ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು, ಮದ್ದೂರಿನಲ್ಲಿ ಬೆಳಗಿನ ರೈಲು ಹತ್ತಿದಳು. ಮೋಹಿನಿಗೆ ನಾನು ಮೊದಲೇ ಫೋನು ಮಾಡಿದ್ದೆ. ಮಧ್ಯಾಹ್ನದ ಊಟಕ್ಕೆ ಬನ್ನಿ, ಒಂದು ಮೇಜು ಹಿಡಿದಿಡುತ್ತೇನೆ, ಗದ್ದಲ ಕಡಿಮೆಯಾದ ಮೇಲೆ ನಾನೂ ಬಂದು ಕೂರುತ್ತೇನೆ ಅಂದಿದ್ದಳು.

ಹೋಟ್ಲು ಅಂದರೆ ಅದು ನಾವು ಅಂದುಕೊಂಡ ಹೋಟ್ಲಲ್ಲ. ಬಾಗಿಲು ತೆಗೆಯಲು ಒಬ್ಬ, ಕುರ್ಚಿ ಎಳೆಯಲು ಇನ್ನೊಬ್ಬ. ನೆಲಕ್ಕೂ ಗೋಡೆಗೂ ನೀಲಿ ಚಿತ್ತಾರದ ಟೈಲ್ಸು. ಬೀದಿ ಕಡೆ ಪೂರಾ ಗಾಜು. ಜನ ಪಿಸುಗುಟ್ಟಿದ ಹಾಗೆ ಮಾತಾಡಿಕೊಂಡು ಉಣ್ಣುತ್ತಿದ್ದರು. ಚಿಕ್ಕವ್ವ ಯಾವುದಕ್ಕೂ ಹೆದರಲಿಲ್ಲ. ಪಕ್ಕದ ಮೇಜಿನ ತಟ್ಟೆಗಳನ್ನು ಮೆಸ್ಸಿನವಳ ಕಣ್ಣಿನಿಂದ ನೋಡಿದಳು. “ಇಷ್ಟಿಷ್ಟೇ ಬಡುಸ್ತಾರಾ?” ಅಂದಳು. ಬಡಿಸುವ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಿದಳು: ತಾಪಾಸ್ ಅಂದರೆ ಹೀಗೇ, ಸಣ್ಣ ಸಣ್ಣ ತಟ್ಟೆಗಳಲ್ಲಿ ಹತ್ತಾರು ಬಗೆ, ನಡುವೆ ಇಟ್ಟುಕೊಂಡು ಎಲ್ಲರೂ ಹಂಚಿಕೊಂಡು ತಿನ್ನಬೇಕು. ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕವ್ವ ತಲೆಯಾಡಿಸಿದಳು, ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ.

ಮೋಹಿನಿ ಅಡುಗೆಮನೆಯಿಂದ ಬಿಳಿ ಕೋಟಿನಲ್ಲೇ ಬಂದು ಅವಳ ಕಾಲು ಮುಟ್ಟಿದಳು. ಕನಕಪುರದ ಕಡೆಯ ಹುಡುಗಿ. ಚಿಕ್ಕವ್ವ ಅವಳ ಕೈ ಹಿಡಿದುಕೊಂಡು, “ದೀಪಿಕಂದು ಏನೇನಿತ್ತೋ ಅದೆಲ್ಲ ತಂದ್ಬುಡವ್ವ” ಅಂದಳು. ಹುಡುಗಿಯ ಕಣ್ಣು ತುಂಬಿತು. ಆಗಲಿ ಅಮ್ಮ ಅಂದು ಒಳಗೆ ಹೋದಳು.

ಮೇಜಿನ ಮೇಲೆ ಮೂರು ಖಾಲಿ ತಟ್ಟೆ ಇಟ್ಟರು. ನನ್ನ ಮುಂದೊಂದು, ಚಿಕ್ಕವ್ವನ ಮುಂದೊಂದು, ಆಮೇಲೆ ಬರಬೇಕಾದ ಮೋಹಿನಿಗೊಂದು. ಆ ಮೂರನೆಯ ಕುರ್ಚಿ ಖಾಲಿಯಿತ್ತು. ಆಮೇಲೆ ಒಂದೊಂದಾಗಿ ಬರತೊಡಗಿತು. ಬೆಳ್ಳುಳ್ಳಿ ಎಣ್ಣೆಯಲ್ಲಿ ಇನ್ನೂ ಚಟಪಟ ಅನ್ನುತ್ತಿದ್ದ ಐದು ಸೀಗಡಿ. ಆಲೂಗಡ್ಡೆ ಹಾಕಿ ಬೇಯಿಸಿದ ಮೊಟ್ಟೆಯ ಒಂದು ತುಂಡು. ಕಾಗದದಷ್ಟು ತೆಳುವಾಗಿ ಸೀಳಿದ ಹಂದಿ ಮಾಂಸ. ಉಪ್ಪುನೀರಿನಲ್ಲಿ ಹಾಕಿದ ಆಲಿವ್ ಕಾಯಿ. ಮುಷ್ಟಿಯಷ್ಟು ಅನ್ನ, ಅದರ ಮೇಲೆ ಒಂದು ಕಪ್ಪೆಚಿಪ್ಪು. ಎಲ್ಲ ಸ್ವಲ್ಪ ಸ್ವಲ್ಪ.

ಚಿಕ್ಕವ್ವ ಅವನ್ನೇ ನೋಡುತ್ತಿದ್ದಳು. ಖಾಲಿ ಕುರ್ಚಿಯನ್ನು ನೋಡಿದಳು, ಅದರ ಮುಂದಿನ ತಟ್ಟೆಯನ್ನು ನೋಡಿದಳು. ಮೆಲ್ಲಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೈಮುಗಿದಳು. ನನಗೆ ಏನಾಗುತ್ತಿದೆ ಅಂತ ತಿಳಿಯುವಷ್ಟರಲ್ಲಿ ಎದ್ದು ನಿಂತು ನನ್ನ ರಟ್ಟೆ ಹಿಡಿದಿದ್ದಳು.

“ನಡಿ ಆಚಿಕೆ.”

“ಎಲ್ಲಿಗೆ ಚಿಕ್ಕವ್ವ? ಊಟ ಬಂದಿದೆ.”

“ಅವ್ಳು ಉಣ್ಬ್ಯಾಡ್ವಾ? ನಾವು ಕೂತ್ಕಂಡು ನೋಡುದ್ರೆ ಎಂಗ್ ಬತ್ತಾಳೆ? ನಡಿ ಅಂದೆ.”

ಆ ಹೋಟ್ಲಿನವರು ತನ್ನ ಮಗಳಿಗೆ ಎಡೆ ಇಟ್ಟಿದ್ದಾರೆ ಅಂದುಕೊಂಡಿದ್ದಳು ಅವಳು. ಸುಮ್ಮನೆ ಹೇಗೆ ಬೈಯಲಿ? ನಾಲ್ಕು ವರ್ಷ ಅಲ್ಲಿ ದುಡಿದ ಹುಡುಗಿ, ಪಿತೃಪಕ್ಷ, ಅವಳದೆಲ್ಲ ತನ್ನಿ ಅಂತ ತಾನೇ ಕೇಳಿದ್ದಾಳೆ, ನಾಲ್ಕೈದು ಬಗೆ ಸ್ವಲ್ಪ ಸ್ವಲ್ಪ ತಂದು ಒಂದು ಖಾಲಿ ಜಾಗದ ಮುಂದೆ ಇಟ್ಟಿದ್ದಾರೆ. ನಮ್ಮೂರಿನ ಯಾರನ್ನು ಅಲ್ಲಿ ಕೂರಿಸಿದರೂ ಇನ್ನೇನು ಅಂದುಕೊಳ್ಳಬೇಕು? ಇದೆಲ್ಲ ಆಮೇಲೆ ಹೊಳೆದದ್ದು. ಆಗ ಮಾತ್ರ ನಾಚಿಕೆಯಿಂದ ನೆಲ ಬಿರಿದರೆ ಸಾಕು ಅನ್ನಿಸಿತ್ತು. ನಾನು ಹಾಗಂದುಕೊಂಡೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಊಟ ಮುಟ್ಟದೆ ಎದ್ದು ಹೊರಟ ಇಬ್ಬರು ಹೆಂಗಸರನ್ನು ಕಂಡು ಮ್ಯಾನೇಜರು ಓಡಿ ಬಂದ. “ಮೇಡಂ, ಏನಾದ್ರೂ ತಪ್ಪಾಯ್ತಾ?” ಎರಡು ನಿಮಿಷ, ಈಗ ಬರ್ತೀವಿ ಅಂತ ನಾನು ತೊದಲಿದೆ. ಚಿಕ್ಕವ್ವ ಆಗಲೇ ಫುಟ್‌ಪಾತಿನ ಮೇಲಿದ್ದಳು. ಗಾಜಿನ ಆಚೆ ಬಡಿಸುವ ಹುಡುಗಿ, ಪಾಪ, ನಾವು ಹೋದೆವು ಅಂದುಕೊಂಡು ತಟ್ಟೆಗಳನ್ನು ಎತ್ತಲು ಬಗ್ಗಿದಳು. ಚಿಕ್ಕವ್ವ ಗಾಜನ್ನು ಅಂಗೈಯಲ್ಲಿ ಬಡಿದು, “ಮುಟ್ಬ್ಯಾಡ ಕಣಮ್ಮೀ!” ಅಂತ ಕೂಗಿದಳು. ಒಳಗಿದ್ದವರೆಲ್ಲ ತಿರುಗಿ ನೋಡಿದರು.

ಗದ್ದಲ ಕೇಳಿ ಮೋಹಿನಿ ಬಂದಳು. ಮೇಜು ನೋಡಿದಳು, ತಲೆ ಮೇಲೆ ಸೆರಗು ಹೊದ್ದು ಬೀದಿಯಲ್ಲಿ ನಿಂತವಳನ್ನು ನೋಡಿದಳು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮ್ಯಾನೇಜರ ಕಿವಿಯಲ್ಲಿ ಏನೋ ಅಂದಳು. ಅವನು ಬಡಿಸುವವರನ್ನು ಹಿಂದಕ್ಕೆ ಕರೆದ. ಮೋಹಿನಿ ಆಚೆ ಬಂದು, ನಮ್ಮ ಪಕ್ಕ, ಗಾಜಿಗೆ ಬೆನ್ನು ಮಾಡಿ ನಿಂತಳು. ಮೂವರೂ ರಸ್ತೆ ನೋಡುತ್ತಾ ನಿಂತೆವು. ಆಟೋಗಳು ಹೋಗುತ್ತಿದ್ದವು. ನನ್ನ ನಾಚಿಕೆ ಯಾವಾಗ ಹೋಯಿತೋ ಗೊತ್ತಿಲ್ಲ, ಅಳು ಬಂತು. ದೀಪಿಕ ಸತ್ತಾಗ ಎಲ್ಲರನ್ನೂ ಸಂಭಾಳಿಸುತ್ತಾ ನಾನು ಸರಿಯಾಗಿ ಅತ್ತಿರಲಿಲ್ಲ.

ಹತ್ತು ನಿಮಿಷ ಕಳೆದ ಮೇಲೆ ಚಿಕ್ಕವ್ವ ಬಾಗಿಲ ಹತ್ತಿರ ಹೋಗಿ ಎರಡು ಸಲ ಕೆಮ್ಮಿದಳು. ಬಾಗಿಲಿನವನು ತೆಗೆದ. ಒಳಗೆ ಹೋಗಿ ಕೂತಳು. “ಈಗ ತಿನ್ನಿ” ಅಂದಳು.

ಆರಿಹೋಗಿದ್ದನ್ನು ಒಂದೊಂದಾಗಿ ತಿಂದೆವು. ಚಿಕ್ಕವ್ವ ಪ್ರತಿಯೊಂದನ್ನೂ ಬಾಯಿಗಿಟ್ಟು ನೋಡಿದಳು. ಸೀಗಡಿಗೆ “ಬೆಳ್ಳುಳ್ಳಿ ಅದ್ವಾಗಿ ಕಾದದೆ” ಅಂದಳು. ಮೊಟ್ಟೆಗೆ ಉಪ್ಪು ಸಾಲದು ಅಂದಳು. ಆಲಿವ್ ಕಾಯನ್ನು ಕರವಸ್ತ್ರಕ್ಕೆ ಉಗಿದಳು. ಕೊನೆಗೆ ಮೋಹಿನಿಯನ್ನು ಕೇಳಿದಳು: “ಇದ್ರಲ್ಲಿ ಯಾವ್ದು ಅವ್ಳಿಗೆ ಬಲ್ ಸೇರ್ತಿತ್ತು?”

ಮೋಹಿನಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಅಮ್ಮ, ಇವೆಲ್ಲ ಅವಳು ಮಾಡ್ತಿದ್ದದ್ದು. ಇಲ್ಲಿ ಎಲ್ರೂ ಇವನ್ನ ಅವಳ ತಟ್ಟೆ ಅಂತಾನೇ ಅಂತಿದ್ರು. ತಿಂತಿದ್ದದ್ದು ಬೇರೆ.”

“ಏನ್ ತಿಂತಿದ್ಲು?”

ಮೋಹಿನಿ ಒಳಗೆ ಹೋಗಿ ತಾನೇ ಮಾಡಿಕೊಂಡು ಬಂದಳು. ಸುಟ್ಟ ಬ್ರೆಡ್ಡಿನ ಒಂದು ಹೋಳು. ಅದಕ್ಕೆ ಹಸಿ ಬೆಳ್ಳುಳ್ಳಿ ಉಜ್ಜಿ, ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹನಿಸಿ, ಉಪ್ಪು ಉದುರಿಸಿದ್ದು. ಅಷ್ಟೇ. ಕೆಲಸ ಮುಗಿದ ಮೇಲೆ ದಿನಾ ಇದನ್ನೇ ಮಾಡಿಕೊಂಡು ನಿಂತುಕೊಂಡೇ ತಿನ್ನುತ್ತಿದ್ದಳು, ಬೇರೇನು ಕೊಟ್ಟರೂ ಬೇಡ ಅನ್ನುತ್ತಿದ್ದಳು ಅಂದಳು.

“ಇದ್ಕೆ ಅಡುಗೆ ಅಂತಾರಾ?” ಅಂದಳು ಚಿಕ್ಕವ್ವ. ಬೈಗುಳದ ಹಾಗಿರಲಿಲ್ಲ, ನಿಜವಾಗಿ ಕೇಳಿದ ಹಾಗಿತ್ತು. “ಇನ್ನೇನು?”

ಮೋಹಿನಿ ನನ್ನ ಮುಖ ನೋಡಿದಳು. “ಇನ್ನೇನಿಲ್ಲ ಅಮ್ಮ.”

“ಏಳವ್ವ. ಎಡೇಲಿ ಸುಳ್ಳು ಮಡಗಕ್ಕಾಗಲ್ಲ.”

“ರಜ ಇದ್ದ ದಿನ ಒಂದು ಗ್ಲಾಸು ವೈನು ಕುಡೀತಿದ್ಲು. ಕೆಂಪು ವೈನು. ಒಂದೇ ಗ್ಲಾಸು ಅಮ್ಮ, ದೇವ್ರಾಣೆ.”

ಚಿಕ್ಕವ್ವ ಹೂಂ ಅಂದಳು. “ಮುದ್ದೆ?”

“ಅಮ್ಮ…”

“ರೂಮಲ್ಲಿ ಮಾಡ್ಕತಿರ್ಲಿಲ್ವಾ?”

“ನಾನು ಮಾಡ್ಕೊಳ್ತಿದ್ದೆ. ಅವಳು ತಿಂತಿರ್ಲಿಲ್ಲ. ‘ನಂಗೆ ಮುದ್ದೆ ಚಿಕ್ಕಂದಿನಿಂದ್ಲೂ ಗಂಟ್ಲಲ್ಲಿ ಇಳಿಯಲ್ಲ, ನಮ್ಮವ್ವನಿಗೆ ಹೆದರಿ ನುಂಗ್ತಿದ್ದೆ’ ಅಂತಿದ್ಲು.”

ನಾನು ಚಿಕ್ಕವ್ವನ ಮುಖ ನೋಡದೆ ನೀರು ಕುಡಿದೆ. ಅವಳು ಬ್ರೆಡ್ಡಿನ ಹೋಳನ್ನು ಮುಟ್ಟಲಿಲ್ಲ. ಮಗಳು ತನ್ನ ಬಗ್ಗೆ ಏನಾದರೂ ಹೇಳುತ್ತಿದ್ದಳಾ ಅಂತ ಕೇಳುತ್ತಾಳೇನೋ ಅಂತ ನನಗೆ ಭಯವಿತ್ತು, ಅದನ್ನೂ ಕೇಳಲಿಲ್ಲ. ಮೋಹಿನಿಯ ತಲೆ ಸವರಿ ಹೊರಟಳು. ಬಿಲ್ಲು ಎಷ್ಟಾಯಿತು ಅಂತ ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ.

ವಾಪಸು ರೈಲಿನಲ್ಲಿ ಕಿಟಕಿ ಪಕ್ಕ ಕೂತವಳು ರಾಮನಗರ ದಾಟುವವರೆಗೂ ಆಚೆಯೇ ನೋಡುತ್ತಿದ್ದಳು. ಆಮೇಲೆ ಅಂದಳು: “ನಾಲ್ಕು ವರ್ಷ ಅವ್ಳು ನನ್ ಮುದ್ದೆ ನೆನೆಸ್ಕಂಡು ಅಳ್ತಾವ್ಳೆ ಅಂದ್ಕಂಡಿದ್ನಲ್ಲ ವೀಣ.”

ನನ್ನ ಬಾಯಿ ಜೋರು ಅನ್ನುತ್ತಾರೆ. ಆವತ್ತು ಅದು ಉಪಯೋಗಕ್ಕೆ ಬಂದದ್ದು ಟೀ ಮಾರುವವನನ್ನು ಕರೆಯಲು ಮಾತ್ರ.

ಹಬ್ಬದ ಅಮಾವಾಸ್ಯೆಗೆ ಎರಡು ದಿನ ಇರುವಾಗ ಚಿಕ್ಕವ್ವನ ಫೋನು ಬಂತು. ವೈನು ತರುವ ಕೆಲಸ ನನ್ನದು. ಮಳವಳ್ಳಿಯಲ್ಲಿ ತಂದರೆ ನನ್ನ ಕ್ಲಾಸಿನ ಅರ್ಧ ಮಕ್ಕಳ ಅಪ್ಪಂದಿರು ಅಂಗಡಿಯಲ್ಲೇ ಸಿಗುತ್ತಾರೆ. ಮಂಡ್ಯಕ್ಕೆ ಹೋಗಿ ತಂದೆ. ಅಲ್ಲೇ ಒಂದು ಅಂಗಡಿಯಲ್ಲಿ ಆಲಿವ್ ಎಣ್ಣೆಯೂ ಸಿಕ್ಕಿತು.

ಹಬ್ಬದ ದಿನ ಚಿಕ್ಕವ್ವ ಬೆಳಗ್ಗೆಯಿಂದ ಯಾರನ್ನೂ ಒಲೆ ಹತ್ತಿರ ಸೇರಿಸಲಿಲ್ಲ. ತಲೆ ಮಾಂಸದ ಸಾರು, ಕಜ್ಜಾಯ, ವಡೆ ಎಲ್ಲ ಮುಗಿಸಿ, ಕೊನೆಗೆ ಮದ್ದೂರಿನ ಬೇಕರಿಯಿಂದ ತರಿಸಿದ್ದ ಬ್ರೆಡ್ಡನ್ನು ಕೆಂಡದ ಮೇಲೆ ಸುಟ್ಟಳು. ಬೆಳ್ಳುಳ್ಳಿ ಉಜ್ಜಿದಳು. ಟೊಮೆಟೊ ಉಜ್ಜಿದಳು. ಮೊದಲ ಹೋಳು ಸೀದುಹೋಯಿತು, ಎರಡನೆಯದು ಒದ್ದೆಯಾಯಿತು, ಅವೆರಡನ್ನೂ ಪಕ್ಕಕ್ಕಿಟ್ಟು ಮೂರನೆಯದನ್ನು ಮಾಡಿದಳು.

ನಾಲ್ಕು ಎಲೆ ಹಾಸಿದಳು. ಮೂರು ಎಲೆಗೆ ಮುದ್ದೆ ಇಟ್ಟಳು. ನಾಲ್ಕನೆಯ ಎಲೆಯ ಮೇಲೆ ಆ ಬ್ರೆಡ್ಡು, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ ಕೆಂಪು ವೈನು. ಇನ್ನೇನೂ ಇಲ್ಲ.

ನಮ್ಮಪ್ಪ ನೋಡಿದರು. “ಇದೇನಮ್ಮ ಇದು? ಎಣ್ಣುಮಗೀನ ಎಡೆಗೆ ಎಂಡ ಮಡಗೋದಾ? ನಮ್ ವಂಸ್ದಲ್ಲಿ ಇಲ್ಲದ್ದು.”

“ನಿಮ್ ತಮ್ಮಂಗೆ ಅದಿನೈದು ವರ್ಸ್ದಿಂದ ನಾನೇ ಮಡಗ್ತಾ ಇವ್ನಿ ಬಾವ. ಅದ್ರಿಂದ್ಲೇ ಸತ್ತ ಅಂತ ಗೊತ್ತಿದ್ದೂ ಮಡಗ್ತಾ ಇವ್ನಿ. ಆಗ ವಂಸ ಎಲ್ಲೋಗಿತ್ತು?”

ನಮ್ಮಪ್ಪ ಟವಲ್ಲು ಸರಿಮಾಡಿಕೊಂಡರು. “ಓಗ್ಲಿ, ಮುದ್ದೇನಾದ್ರೂ ಮಡಗು ಸೋಮಮ್ಮ. ಎಡೆಗೆ ಮುದ್ದೆ ಇಲ್ದಿದ್ರೆ ಎಂಗೆ?”

“ಅವ್ಳಿಗೆ ಮುದ್ದೆ ಸೇರ್ತಿರ್ಲಿಲ್ಲ ಬಾವ. ಚಿಕ್ಕ ಮಗು ಇದ್ದಾಗ ಎಲೆ ಕೆಳೀಕೆ ಬಚ್ಚಿಡೋಳು. ನಾನು ತೆಗ್ದು, ಗದರ್ಸಿ, ಬಾಯ್ಗೆ ತುರುಕ್ತಿದ್ದೆ. ಸತ್ಮೇಲೂ ತುರುಕ್ಲಾ?”

ನಮ್ಮಪ್ಪ ಸಾಂಬ್ರಾಣಿ ಹಾಕಿದರು, ಕೈಮುಗಿದರು. ನಾವೆಲ್ಲ ಅಂಗಳಕ್ಕೆ ಬಂದು ಬಾಗಿಲು ಮುಚ್ಚಿದೆವು. ಎಷ್ಟು ಹೊತ್ತು ಬಿಡಬೇಕು ಅಂತ ನಮ್ಮಪ್ಪನೇ ಹೇಳುವುದು ವಾಡಿಕೆ, ಆವತ್ತು ಅವರು ಚಿಕ್ಕವ್ವನ ಮುಖ ನೋಡಿದರು. ಅವಳು ತುಂಬಾ ಹೊತ್ತು ಬಿಟ್ಟಳು. ಸಾರು ಆರುತ್ತದೆ ಅಂತ ಯಾರೂ ಅನ್ನಲಿಲ್ಲ.

ಒಳಗೆ ಹೋಗಿ ಎಲ್ಲರೂ ಕೂತು ತಿನ್ನತೊಡಗಿದರು. ದೀಪಿಕಳ ಎಲೆಗೆ ಯಾರೂ ಕೈ ಹಾಕಲಿಲ್ಲ. ಚಿಕ್ಕವ್ವ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬ್ರೆಡ್ಡನ್ನು ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು.

“ಹೆಂಗಿದೆ ಚಿಕ್ಕವ್ವ?” ಅಂದೆ.

“ನಂಗೆ ಸೇರ್ಲಿಲ್ಲ ಕಣೆ. ಅವ್ಳಿಗೆ ಸೇರ್ತಿತ್ತು. ಇಷ್ಟೇಯ.” ಇನ್ನೊಂದು ಚೂರು ಮುರಿದಳು. “ಇಷ್ಟಕ್ಕೆ ನಾಲ್ಕು ವರ್ಸ ಎತ್ತ ಮಗೀನ ಕುಟ್ಟೆ ಮಾತ್ ಬುಟ್ಟಿದ್ನಲ್ಲ ವೀಣ, ಇಷ್ಟಕ್ಕೆ.”

ಉಳಿದದ್ದನ್ನೂ ಒಂದು ಚೂರು ಬಿಡದೆ ಅವಳೇ ತಿಂದಳು.